ಹೊಳೀ ಕಡಿಗೆ ಹೋದ ಹುಲಿಗೆಮ್ಮ ಟೀಚರು

ಮೊನ್ನೆ ರಾಯಚೂರು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಹಿಂದಿನ ರಸ್ತೆಯಲ್ಲಿ ನಾನು ಕೂತಿದ್ದ ಆಟೋ ಕೆಟ್ಟು ನಿಂತಿತು. ಪಕ್ಕದಲ್ಲಿ ಲಾರಿಯೊಂದಕ್ಕೆ ಒಣಮೆಣಸಿನಕಾಯಿ ಚೀಲ ಹೇರುತ್ತಿದ್ದರು. ಘಾಟು ಮೂಗಿಗೆ ಹೊಡೆದು ಒಂದೇ ಸಮನೆ ಸೀನತೊಡಗಿದೆ. ಆಟೋದವನು ನಕ್ಕು, ಮುಖ ಆ ಕಡೆ ತಿರುಗಿಸಿಕೊಳ್ಳಿ ಸಾರ್ ಅಂದ. ನಾನು ತಿರುಗಿಸಿಕೊಳ್ಳಲಿಲ್ಲ. ಸೀನಿನ ನಡುವೆಯೇ ಮಾನ್ವಿಯ ಮೌಲಾಸಾಬರ ಮೆಣಸಿನಕಾಯಿ ಅಂಗಡಿ ಕಣ್ಣಿಗೆ ಕಟ್ಟಿತು. ಅದರ ಮುಂದೆ ಕಬ್ಬಿಣದ ಕುರ್ಚಿಯ ಮೇಲೆ, ಸೆರಗಿನಿಂದ ಮೂಗು ಮುಚ್ಚಿಕೊಂಡು ಒಂದರ ಮೇಲೊಂದು ಪ್ರಶ್ನೆ ಕೇಳುತ್ತಿದ್ದ ನನ್ನ ಸೋದರತ್ತೆ ಹುಲಿಗೆಮ್ಮನೂ ಕಂಡಳು.

ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಧಾರವಾಡದಲ್ಲಿ ಇತಿಹಾಸ ಓದಿದ ಎರಡು ವರ್ಷಗಳಲ್ಲಿ ನಾನು ಕಲಿತದ್ದು ಒಂದೇ: ಯಾರು ಏನೇ ಹೇಳಿದರೂ ಆಧಾರ ಎಲ್ಲಿದೆ ಎಂದು ಕೇಳುವುದು. ಆ ಪ್ರಶ್ನೆಯನ್ನು ಈಗ ನನಗೇ ಕೇಳಿಕೊಳ್ಳುತ್ತಿದ್ದೇನೆ. ದೇಶದ ರೈಲುಗಳೆಲ್ಲ ಮುಷ್ಕರದಿಂದ ನಿಂತ ಬೇಸಿಗೆಯ ಮರುವರ್ಷ ಅದು ಎಂದು ನನ್ನ ಲೆಕ್ಕ. ಯಾಕೆಂದರೆ ಅತ್ತೆ ಟೈಮ್‌ಟೇಬಲ್ ತಿರುವುತ್ತ, ಹೋದ ವರ್ಷದಂಗ ಈ ವರ್ಷಾನೂ ನಿಂತುಬಿಟ್ಟಾವೇನೋ ಅಂದಿದ್ದಳು. ಹಾಗಿದ್ದರೆ ಎಪ್ಪತ್ತೈದರ ಮೇ ತಿಂಗಳು. ಆದರೆ ಆ ಮಾತು ಅವಳೇ ಆಡಿದ್ದೋ, ವರ್ಷ ಗಟ್ಟಿಮಾಡಿಕೊಳ್ಳಲು ಆಮೇಲೆ ನಾನೇ ಅವಳ ಬಾಯಿಗೆ ಹಾಕಿದ್ದೋ, ಪ್ರಮಾಣ ಮಾಡಿ ಹೇಳಲಾರೆ. ಬಿಸಿಲು ಮಾತ್ರ ಸುಳ್ಳಲ್ಲ. ರಾಯಚೂರಿನ ಕೋಟೆಯ ಕಲ್ಲು ಸಂಜೆ ಏಳಕ್ಕೂ ಅಂಗೈ ಸುಡುತ್ತಿತ್ತು. ಭತ್ತ ಬೇಯಿಸುವ ಗಿರಣಿಗಳ ಹಬೆ ಬೀದಿಯಲ್ಲೇ ನಿಂತುಬಿಡುತ್ತಿತ್ತು. ಎಂ.ಎ. ಮುಗಿಸಿ, ಕೆಲಸ ಸಿಗದೆ, ಒಂದು ಕೋಣೆ ಹಿಡಿದು ಹುಡುಗರಿಗೆ ಪಾಠ ಹೇಳಿಕೊಂಡಿದ್ದ ನನಗೆ ಆಗ ಇಪ್ಪತ್ನಾಲ್ಕು.

ಹುಲಿಗೆಮ್ಮ ಅಪ್ಪನ ಒಬ್ಬಳೇ ತಂಗಿ. ಗಂಡನ ಮನೆಯಲ್ಲಿ ಎರಡು ವರ್ಷ ಇದ್ದು, ಒಂದು ದಿನ ಟ್ರಂಕು ಹೊತ್ತುಕೊಂಡು ತಿರುಗಿ ಬಂದವಳು. ಯಾಕೆ ಬಂದೆ ಎಂದವರಿಗೆ ಉತ್ತರ ಕೊಡಲಿಲ್ಲ. ಕೇಳಿ ಕೇಳಿ ಬೇಸತ್ತ ಜನ ತಮತಮಗೆ ಬೇಕಾದ ಉತ್ತರ ಹಂಚಿಕೊಂಡರು. ಅವಳು ಟೀಚರ್ ಟ್ರೇನಿಂಗ್ ಮುಗಿಸಿ ದೇವದುರ್ಗದ ಹೆಣ್ಣುಮಕ್ಕಳ ಶಾಲೆಗೆ ಸೇರಿ, ಅಲ್ಲೇ ಒಂದು ಬಾಡಿಗೆ ಮನೆ ಹಿಡಿದಳು. ನಮ್ಮ ಹಳ್ಳಿ ಕೃಷ್ಣೆಯ ದಂಡೆಯಲ್ಲಿ, ದೇವದುರ್ಗದಿಂದ ಸೈಕಲ್ ದಾರಿ. ಆ ಬೇಸಿಗೆಗೆ ಅವಳಿಗೆ ಮೂವತ್ತೆಂಟಾಗಿತ್ತು.

ನಾಲ್ಕನೇ ಕ್ಲಾಸಿಗೆ ಅವಳು ನದಿಗಳ ಪಾಠ ಹೇಳುತ್ತಿದ್ದಳು. ಗೋಡೆಗೆ ತೂಗುಹಾಕಿದ ಬಟ್ಟೆಯ ನಕಾಶೆಯ ಮೇಲೆ ಕೋಲು ಇಟ್ಟು, ಪಶ್ಚಿಮದ ಬೆಟ್ಟದಿಂದ ಎಳೆದುಕೊಂಡು ಬಂದು, ಕೃಷ್ಣಾ ನದಿಯು ಬಂಗಾಳ ಕೊಲ್ಲಿಯನ್ನು ಸೇರುತ್ತದೆ ಎಂದು ಅಲ್ಲಿ ಕೋಲು ಕುಟ್ಟುತ್ತಿದ್ದಳು. ಹದಿನಾಲ್ಕು ವರ್ಷ ಕುಟ್ಟಿದ್ದಕ್ಕೆ ಆ ಜಾಗದ ಬಣ್ಣ ಉದುರಿಹೋಗಿತ್ತು. ನದಿ ಸೇರುವ ಕಡೆ ಸಮುದ್ರವೂ ಇಲ್ಲ, ನೆಲವೂ ಇಲ್ಲ, ಬರೀ ಬಿಳಿ ಬಟ್ಟೆ. ಅದನ್ನು ನನಗೆ ತೋರಿಸಿ, ಕಾಣದ್ದನ್ನ ಎಷ್ಟು ವರ್ಷ ಹೇಳಿಕೊಡಲಿ ಅಂದಿದ್ದಳು.

ಪ್ರತಿ ಬೇಸಿಗೆ ಮಾನ್ವಿಯ ಒಬ್ಬ ಹತ್ತಿ ಸಾಹುಕಾರರು ಯಾತ್ರೆಯ ಬಸ್ಸು ಹೊರಡಿಸುತ್ತಿದ್ದರು. ಅಡುಗೆಯವರು, ಪಾತ್ರೆ ಪರಾತ, ಸೀಟಿ ಊದುವ ಒಬ್ಬ ಮ್ಯಾನೇಜರು ಎಲ್ಲ ಅದರೊಳಗೆ. ಆ ವರ್ಷ ಬಸ್ಸು ಆಂಧ್ರದ ದೇವಸ್ಥಾನಗಳನ್ನು ಸುತ್ತಿ ಬೇಜವಾಡಕ್ಕೂ, ಅಂದರೆ ವಿಜಯವಾಡಕ್ಕೂ ಹೋಗುತ್ತದೆ ಎಂದು ಸುದ್ದಿ ಬಂತು. ಅಲ್ಲಿಂದ ಸಮುದ್ರಕ್ಕೆ ಒಂದು ಹಗಲಿನ ದಾರಿ ಎಂದು ಅತ್ತೆ ಅಟ್ಲಾಸಿನ ಮೇಲೆ ದಾರ ಇಟ್ಟು ಅಳೆದಿದ್ದಳು. ಇಬ್ಬರೂ ಮಾನ್ವಿಗೆ ಹೋಗಿ ಸಾಹುಕಾರರ ಅಡತಿ ಅಂಗಡಿಯಲ್ಲಿ ಕೂತೆವು.

ಸಾಹುಕಾರರು ಕೆಟ್ಟವರಲ್ಲ. ಚಹಾ ತರಿಸಿದರು. ನನ್ನ ಓದು ವಿಚಾರಿಸಿದರು. ಆಮೇಲೆ ಅತ್ತೆಯನ್ನು ಬಿಟ್ಟು ನನಗೇ ಹೇಳತೊಡಗಿದರು: ಬಸ್ಸಿನಲ್ಲಿ ಗಂಡ ಹೆಂಡಿರು ಬರುತ್ತಾರೆ, ದಾರಿಯಲ್ಲಿ ಪೂಜೆ ಇರುತ್ತದೆ, ಮುತ್ತೈದೆಯರು ಜೋಡಿಯಾಗಿ ಕೂರುತ್ತಾರೆ, ಗಂಡನನ್ನು ಬಿಟ್ಟವರನ್ನು ಯಾರ ಪಕ್ಕ ಕೂರಿಸುವುದು, ನಾಳೆ ನಾಲ್ಕು ಮಂದಿ ನನಗೇ ಅನ್ನುತ್ತಾರೆ. ಸ್ವಲ್ಪ ಹೊತ್ತು ಯೋಚಿಸಿ, ತಾವೇ ಒಂದು ಉಪಕಾರ ಮಾಡುವವರಂತೆ ದಾರಿಯನ್ನೂ ತೋರಿಸಿದರು.

"ಅಡಗಿ ಮಂದಿ ಜೋಡಿ ಹಿಂದಿನ ಸೀಟಿನಾಗ ಬರಲಿ ಬೇಕಾದ್ರ. ರೊಟ್ಟಿ ಬಡೀಲಿ. ರೊಕ್ಕ ಬ್ಯಾಡ."

ಅತ್ತೆ ಚಹಾ ಪೂರ್ತಿ ಕುಡಿದಳು. ಬಸಿಯನ್ನು ಕೆಳಗಿಟ್ಟು, ನನ್ನ ಕಡೆ ನೋಡದೆ, ಸಾಹುಕಾರರಿಗೇ ನೇರ ಹೇಳಿದಳು: "ರೊಟ್ಟಿ ನಾ ಬಡೀತೀನ್ರಿ. ನಿಮ್ಮ ಮಂದೀಗಲ್ಲ, ನನ್ನ ಬುತ್ತಿಗೆ."

ಅಲ್ಲಿಂದ ಇಳಿದು ಬಸ್ ಹಿಡಿಯುವ ಮುಂಚೆ ಎದುರಿನ ಅಂಗಡಿಗೆ ಹೊಕ್ಕೆವು. ಮೌಲಾಸಾಬರು ವರ್ಷಕ್ಕೆರಡು ಸಲ ಗುಂಟೂರು, ಬೇಜವಾಡದ ಪೇಟೆಗೆ ಮೆಣಸಿನಕಾಯಿ ಒಯ್ಯುವವರು, ಅತ್ತೆಯ ಹಳೆಯ ಶಿಷ್ಯೆಯೊಬ್ಬಳ ತಂದೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ನಕ್ಕರು. ಮನೆಯಲ್ಲಿ ದಖನಿ ಮಾತಾಡುವವರಾದರೂ ಅತ್ತೆಯ ಜೊತೆ ಅವರ ಕನ್ನಡ ಬಹಳ ಜಾಗರೂಕವಾಗಿರುತ್ತಿತ್ತು.

"ಆ ಬಸ್ಸಿನಾಗ ಹೋದವ್ರು ಏನ್ ನೋಡ್ತಾರ್ರಿ ಟೀಚರಮ್ಮ? ಮುಂದಿನವ್ರ ಬೆನ್ನು ನೋಡ್ತಾರ. ನೀವೇ ಹೋಗ್ರಿ. ಅಲ್ಲಿ ಅಕ್ಷರ ಎಲ್ಲಾ ನಮ್ಮಂಗನ ಅದಾವ, ಖಾಲಿ ತಲಿಕಟ್ಟು ಫರಕ್ ಅದ."

ಮೆಣಸಿನಕಾಯಿ ಚೀಲದ ಮೇಲೆ ನನ್ನ ಕಾಗದ ಹರಡಿ, ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ, ಅತ್ತೆ ಮೂಗು ಮುಚ್ಚಿಕೊಂಡು ಕೇಳುತ್ತ ಹೋದಳು. ರಾಯಚೂರಿನಿಂದ ಗುಂತಕಲ್ಲು. ಅಲ್ಲಿ ಇಳಿದು ಸಣ್ಣ ಹಳಿಯ ಗಾಡಿ ಹತ್ತಿ ಗುಂಟೂರು. ಆಮೇಲೆ ಬೇಜವಾಡ. ಬೇಜವಾಡದಲ್ಲಿ ಅವರ ವಿಧವೆ ಅಕ್ಕ ಇದ್ದಳು, ಗಾಜಿನ ಬಳೆ ಮಾರುವವಳು. ಅವಳ ಮನೆಯಲ್ಲಿ ಇಳಿದುಕೊಳ್ಳಬಹುದು, ಬೇರೆ ಒಲೆ ಬೇಕಾದರೆ ಅಂಗಳದಲ್ಲಿ ಕಲ್ಲು ಇದೆ. ಬೇರೆ ಒಲಿ ಯಾಕ ಬೇಕ್ರಿ, ಅಂದಳು ಅತ್ತೆ. ಅಲ್ಲಿಂದ ಅವನಿಗಡ್ಡ ಎಂಬ ಊರಿಗೆ ಬಸ್ಸು, ಮುಂದೆ ಸಮುದ್ರದ ದಂಡೆಯ ಹಂಸಲದೀವಿ. ಕೊನೆಯ ತುಂಡಿಗೆ ಮೌಲಾಸಾಬರ ಬಳಿಯೂ ಉತ್ತರ ಇರಲಿಲ್ಲ. ನಾ ಮೆಣಸಿನಕಾಯಿ ಮಾರೋ ಮನುಷ್ಯ, ಸಮುದ್ರ ಖರೀದಿ ಮಾಡೂದಿಲ್ಲ ಅಂದರು.

ಆ ಮೇಲಿನ ಮೂರು ವಾರ ನಾನು ಬದುಕಿದ್ದೇ ಆ ಯೋಜನೆಯೊಳಗೆ. ಕೆಲಸವಿಲ್ಲದವನ ಕೈಗೆ ಟೈಮ್‌ಟೇಬಲ್ ಸಿಕ್ಕರೆ ಏನಾಗುತ್ತದೋ ಅದೇ ಆಯಿತು. ಹನ್ನೊಂದು ಹಾಳೆ ತುಂಬಿಸಿದೆ. ಯಾವ ಗಾಡಿ ತಡವಾದರೆ ಯಾವುದು, ಎಲ್ಲಿ ನೀರು, ಎಲ್ಲಿ ಸ್ನಾನ, ಎಲ್ಲಿ ಎಷ್ಟು ನಿಮಿಷ. ಪ್ರತಿ ಭಾನುವಾರ ದೇವದುರ್ಗಕ್ಕೆ ಹೋಗಿ ಅತ್ತೆಗೆ ಓದಿ ಹೇಳುತ್ತಿದ್ದೆ. ಅವಳು ಗಿಡ್ಡನೆ ಮಣೆಯ ಮೇಲೆ ಕೂತು ತೆಲುಗು ಅಕ್ಷರದ ತಲೆಕಟ್ಟು ತಿದ್ದುತ್ತಿದ್ದಳು. ನಾನು ಜೊತೆಗೆ ಬರುವುದು ಮೊದಲಿನಿಂದಲೂ ಮಾತಾಗಿತ್ತು, ಅದಕ್ಕೆ ಅವಳದೊಂದು ಕರಾರು. ಜೋಡಿ ಬಾ, ಮುಂದ ಬರಬ್ಯಾಡ.

ತೆಲುಗಿನಲ್ಲಿ ಬಸ್ಸಿನವನನ್ನು ಕೇಳಲು ಒಂದು ವಾಕ್ಯ ಕಲಿಸಿದೆ: ಈ ಬಸ್ಸು ಎಕ್ಕಡಿಕಿ. ಅವಳ ಬಾಯಿ ಅಲ್ಲೇ ನಿಂತಿತು. ಎಕ್ಕಡಿಕಿ ಅಂದರೆ ಎಲ್ಲಿಗೆ. ನಮ್ಮ ಕಡೆ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಗೊತ್ತಾಗಲೇಬೇಕೆಂದರೆ, ದೂರ ಏನ್ರಿ, ಎನ್ನಬೇಕು. ಅವರು, ಇಲ್ಲೇ, ಎನ್ನಬೇಕು. ಕಾಶಿಗೆ ಹೊರಟವರೂ ಇಲ್ಲೇ ಅಂತಲೇ ಹೊರಡುವುದು. ಇದಕ್ಕೇನು ಆಧಾರ, ಬಸ್ಸಿಗೂ ಅಪಶಕುನ ಆಗತದೇನು ಎಂದು ನಾನು ರೇಗಿದೆ. ಅಪಶಕುನ ನಂಬಾಕಿ ನಾ ಅಲ್ಲ, ನಾಲಿಗಿ ನಂಬತದ, ಅಂದಳು. ಊರಿನ ಹೆಸರು ಹೇಳಿ ದನಿ ಎತ್ತರಿಸಿದರೆ ಸಾಕು, ಅದೇ ಪ್ರಶ್ನೆಯಾಗುತ್ತದೆ ಎಂದು ತಾನೇ ಒಂದು ಉಪಾಯ ಮಾಡಿಕೊಂಡಳು.

ಈ ವಿಷಯವನ್ನು ಅಪ್ಪನಿಗೆ ಹೇಳಬಾರದು ಎಂದದ್ದು ನಾನು. ಅದರಲ್ಲಿ ನನಗೆ ಅನುಮಾನವಿಲ್ಲ, ಇರಬೇಕಿತ್ತೆಂದು ಎಷ್ಟೋ ಸಲ ಅನಿಸಿದ್ದರೂ. ಅಪ್ಪ ಬೇಡ ಅನ್ನುತ್ತಾನೆ, ಮಾತು ಬೆಳೆಯುತ್ತದೆ, ರಜೆ ಮುಗಿಯುತ್ತದೆ. ರಾಯಚೂರು ಸ್ಟೇಷನ್ನಿನಿಂದ ಒಂದು ಕಾರ್ಡು ಹಾಕೋಣ ಎಂದು ಹಾಳೆಯ ಮೊದಲ ಸಾಲಿನಲ್ಲೇ ಬರೆದಿದ್ದೆ.

ಹೊರಡುವ ಹಿಂದಿನ ಮೂರು ದಿನ ಅತ್ತೆ ಜೋಳದ ರೊಟ್ಟಿ ಬಡಿದು ಬಿಸಿಲಿಗೆ ಒಣಗಿಸಿದಳು. ಶೇಂಗಾ ಹಿಂಡಿ ಕುಟ್ಟಿದಳು. ಆಮೇಲೆ, ದೂರ ಹೋಗುವವರು ಮಾಡುವಂತೆ, ಕಡ ತಂದಿದ್ದ ಸಾಮಾನನ್ನೆಲ್ಲ ತಿರುಗಿ ಕೊಟ್ಟಳು. ಒಬ್ಬರ ಜರಡಿ, ಒಬ್ಬರ ಹಿತ್ತಾಳೆ ತಂಬಿಗೆ, ಇನ್ನೊಬ್ಬರ ಪಂಚಾಂಗ. ಹೊರಡುವ ಬೆಳಿಗ್ಗೆ ಮನೆಗೆ ಬೀಗ ಹಾಕಿ, ಕೀಲಿಯನ್ನು ಮಾಲಕಿ ಸಂಗಮ್ಮನ ಕೈಗಿಟ್ಟು ತುಳಸಿಗೆ ನೀರು ಹಾಕ್ರಿ ಅಂದಳು. ಸಂಗಮ್ಮ ಪದ್ಧತಿಯಂತೆ, ದೂರ ಏನ್ರಿ ಟೀಚರ್, ಎಂದು ಕೇಳಿದ್ದಾಳೆ. ಅತ್ತೆಗೆ ಇಲ್ಲೇ ಎನ್ನಲು ಮನಸ್ಸಾಗಲಿಲ್ಲವಂತೆ. ಆ ಒಂದು ಶಬ್ದ ಹೇಳಿ ಹೇಳಿ ಸಾಕಾಗಿತ್ತಂತೆ.

"ಹೊಳೀ ಕಡಿಗೆ," ಅಂದಿದ್ದಾಳೆ.

ನಮ್ಮ ಮಾತಿನಲ್ಲಿ ಕಡಿ ಎಂದರೆ ದಿಕ್ಕು, ಕಡಿ ಎಂದರೆ ಕೊನೆಯೂ ಹೌದು. ಅವಳು ಹೇಳಿದ್ದು ಹೊಳೆಯ ಕೊನೆಗೆ ಎಂದು. ಸಂಗಮ್ಮನಿಗೆ ಕೇಳಿದ್ದು ಹೊಳೆಯ ಕಡೆಗೆ ಎಂದು. ಗಂಡನನ್ನು ಬಿಟ್ಟ ಹೆಂಗಸು, ಸಾಮಾನೆಲ್ಲ ತಿರುಗಿ ಕೊಟ್ಟು, ಕೀಲಿ ಕೈಗಿಟ್ಟು, ಬೆಳಬೆಳಿಗ್ಗೆ ಹೊಳೆಯ ಕಡೆಗೆ ಹೋಗುತ್ತೇನೆ ಅಂದರೆ ಏನರ್ಥ? ಇನ್ನೊಂದು ಮಾತು ಕೇಳಿದ್ದರೆ ಬಗೆಹರಿಯುತ್ತಿತ್ತು. ಆದರೆ ಆ ಇನ್ನೊಂದು ಮಾತು ಎಲ್ಲಿಗೆ ಎಂಬುದು, ಅದನ್ನು ಕೇಳುವ ಹಾಗಿಲ್ಲ. ಸಂಗಮ್ಮ ಅಂಗಳದಲ್ಲಿ ಹತ್ತು ನಿಮಿಷ ಒದ್ದಾಡಿ, ಮಗನನ್ನು ಸೈಕಲ್ ಮೇಲೆ ನಮ್ಮ ಹಳ್ಳಿಗೆ ಓಡಿಸಿದಳು.

ಇದೇನೂ ಗೊತ್ತಿಲ್ಲದೆ ನಾವು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ನಾನು ಹಿಂದಿನ ಸಂಜೆಯೇ ಬಂದು ಗೆಳೆಯನ ಮನೆಯಲ್ಲಿ ಉಳಿದಿದ್ದೆ. ಏಳಕ್ಕೆ ಬರಬೇಕಾದ ರಾಯಚೂರು ಬಸ್ಸು ಒಂಬತ್ತಾದರೂ ಬರಲಿಲ್ಲ, ಹತ್ತಾದರೂ ಬರಲಿಲ್ಲ. ಹನ್ನೊಂದು ಹಾಳೆಯ ಯೋಜನೆ ಮೊದಲ ಸಾಲಿನಲ್ಲೇ ಕೂತುಬಿಟ್ಟಿತು. ಗಬ್ಬೂರಿನ ಹತ್ತಿರ ಗಾಲಿ ಪಂಕ್ಚರ್ ಎಂದು ಯಾರೋ ಅಂದರು. ನಾನು ಎದ್ದು ಕೂತು, ಕೂತು ಎದ್ದು, ಗುಂತಕಲ್ಲಿನ ಗಾಡಿ ತಪ್ಪಿದರೆ ಏನು ಮಾಡುವುದೆಂದು ಹಾಳೆಯ ಅಂಚಿನಲ್ಲಿ ಬರೆಯುತ್ತಿದ್ದೆ. ಅತ್ತೆ ಹಾಸಿಗೆ ಸುರುಳಿಯ ಮೇಲೆ ಕೂತು ಎರಡನೇ ಚಹಾ ಕುಡಿಯುತ್ತಿದ್ದಳು. ಬರತದ ಕೂಡು, ಹೊಳಿ ಏನ್ ಓಡಿ ಹೋಗಂಗಿಲ್ಲ, ಅಂದಳು.

ಆ ಹೊತ್ತಿಗೆ ಅಪ್ಪ ಹೊಳೆಯೊಳಗಿದ್ದ.

ಮೇ ತಿಂಗಳಿನಲ್ಲಿ ನಮ್ಮೂರ ಹತ್ತಿರ ಕೃಷ್ಣೆ ಮೊಣಕಾಲಿಗೂ ಬರುವುದಿಲ್ಲ. ಬಂಡೆಗಳ ನಡುವೆ ಅಲ್ಲಲ್ಲಿ ಮಡುವು ಮಾತ್ರ ಆಳ, ಮೊಸಳೆ ಇರುವುದೂ ಅಲ್ಲೇ. ಹರಿಗೋಲು ಹಾಕುವ ನಾಲ್ವರನ್ನು ಕರೆದುಕೊಂಡು ಅಪ್ಪ ಆ ಮಡುವಿಗೇ ಇಳಿದನಂತೆ. ಬಿದಿರು ಗಳದಿಂದ ತಳ ತಡಕಿದನಂತೆ. ದೇವದುರ್ಗದಿಂದ ಬಂದ ಒಬ್ಬ ದಂಡೆಯ ಮೇಲೆ ನಿಂತು, ಯಾರನ್ನ ಹುಡುಕಾಕತ್ತೀರಿ, ಟೀಚರು ಬಸ್‌ಸ್ಟ್ಯಾಂಡಿನಾಗ ಚಾ ಕುಡಿಯಾಕತ್ತಾರ, ಅಂದ ಮೇಲೆ ಹೊರಗೆ ಬಂದನಂತೆ.

ಅವನು ನಮ್ಮೆದುರು ಸೈಕಲ್ಲಿನಿಂದ ಇಳಿದಾಗ ಧೋತರ ಒಣಗಿ ಹೊಳೆಯ ಕೆಸರು ಎದೆಯವರೆಗೂ ಬಿರುಕುಬಿಟ್ಟಿತ್ತು. ತಂಗಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕೆನ್ನೆಗೆ ಒಂದು ಹೊಡೆದ. ಎಡಗೆನ್ನೆಯೋ ಬಲಗೆನ್ನೆಯೋ ಈಗ ಹೇಳಲಾರೆ. ಒಂದು ವಾರ ಎರಡೂ ಉರಿದಂತೆ ನೆನಪು. ಸುತ್ತ ಮಂದಿ ಕೂಡಿತು.

"ಹೊಳಿಗೆ ಹೊಂಟೀನಿ ಅಂದಿಯಂತ," ಅಂದ ಅಪ್ಪ, ಅವಳಿಗೆ.

"ಹೊಳಿಗೆ ಅಂದಿಲ್ಲ. ಹೊಳೀ ಕಡಿಗೆ ಅಂದೀನಿ. ಹೊಳಿ ಮುಗಿಯೋ ಕಡಿಗೆ. ಹೊಳಿಗೆ ಬೀಳಾಕಿ ಅರವತ್ತು ರೊಟ್ಟಿ ಬಡಕೊಂಡು ಹೊಂಡತಾಳೇನು?"

ಮಂದಿ ನಕ್ಕರು. ಒಬ್ಬ ಮುದುಕ ಬುತ್ತಿಯ ಗಂಟನ್ನು ಕೋಲಿನಿಂದ ಮುಟ್ಟಿ ನೋಡಿ, ಖರೇವ, ರೊಟ್ಟಿನ ಅದಾವ, ಎಂದು ಸಾಕ್ಷಿ ಹೇಳಿದ. ಅಪ್ಪ ನಗಲಿಲ್ಲ. ಅವನ ದನಿ ಇಳಿಯಿತು. ಹತ್ತಿರ ನಿಂತಿದ್ದ ನನಗೆ ಮಾತ್ರ ಕೇಳಿಸಿರಬೇಕು.

"ಹದಿನಾರು ವರ್ಷದ ಹಿಂದ ಮಡುವಿನ ದಂಡಿಗೆ ಹೋಗಿ ಕುಂತಿದ್ದೆಲ್ಲವ್ವ. ನಾನಲ್ಲೇನು ಎಬ್ಬಿಸಿಕೊಂಡು ಬಂದಾಂವ?"

ಅದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟ್ರಂಕು ಹೊತ್ತು ತವರಿಗೆ ಬಂದ ದಿನ ಅವಳು ನೇರ ಮನೆಗೆ ಬಂದಿರಲಿಲ್ಲ ಎಂಬುದನ್ನು ಅಣ್ಣತಂಗಿ ಇಬ್ಬರೂ ಅಷ್ಟು ವರ್ಷ ಬಚ್ಚಿಟ್ಟಿದ್ದರು. ಅಪ್ಪ ಮಡುವಿನಲ್ಲಿ ಗಳ ಹಾಕಿದ್ದು ಸಂಗಮ್ಮನ ಮಾತು ಕೇಳಿ ಅಲ್ಲ. ಹದಿನಾರು ವರ್ಷದಿಂದ ಆ ಮಾತಿಗೇ ಅವನು ಕಾಯುತ್ತಿದ್ದ.

ಅತ್ತೆ ಎದ್ದು ನಿಂತಳು. ಅವಳು ದನಿ ಇಳಿಸಲಿಲ್ಲ. ಶಾಲೆಯಲ್ಲಿ ಕಡೇ ಸಾಲಿಗೂ ಕೇಳುವಂತೆ ಮಾತಾಡುವ ದನಿಯಲ್ಲೇ ಹೇಳಿದಳು.

"ಹೌದು, ಕುಂತಿದ್ದೆ. ಅವತ್ತು ಬಿದ್ದಿದ್ರ ಎಲ್ಲಿಗೆ ಹೋಗಿ ಮುಟ್ಟತಿದ್ನೋ ಆ ಜಾಗ ನೋಡಿಕೊಂಡು ಬರ್ತೀನಿ ಯಣ್ಣಾ. ಕಣ್ಣು ತಕ್ಕೊಂಡು, ಕಾಲ ಮ್ಯಾಲ ನಿಂತು ನೋಡ್ತೀನಿ. ಮನಿಗೆ ನಡಿ ಅಂದ್ರ ಇವತ್ತು ಬರಂಗಿಲ್ಲ."

ಎಲ್ಲಿಗೆ ಎಂಬ ಶಬ್ದ ಆ ನಾಲಿಗೆಯಿಂದ ಬಂದದ್ದು ಆಗಲೇ. ಯಾರೂ ನಗಲಿಲ್ಲ. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ, ಕೆಸರು ಇನ್ನಷ್ಟು ಹರಡಿತು. ಆಗಲೇ ದೂರದಲ್ಲಿ ಬಸ್ಸಿನ ಧೂಳು ಕಂಡಿತು. ಅಪ್ಪ ಸೋತವನಂತೆ, ಆದರೆ ಪೂರ್ತಿ ಸೋಲಲು ಒಪ್ಪದವನಂತೆ, ನನ್ನ ಭುಜಕ್ಕೆ ಕೈಹಾಕಿ ಅವಳ ಮುಂದೆ ನೂಕಿದ.

"ಹೋಗಾಕಿ ಹೋಗು. ಇವನ ಜೋಡಿ ಹೋಗು. ಗಂಡು ಹುಡುಗ ಜೋಡಿ ಅದಾನ ಅಂತ ಮಂದಿಗೆ ನಾ ಹೇಳ್ತೀನಿ."

ಅವಳು ನನ್ನ ಕೈಯಲ್ಲಿದ್ದ ಹನ್ನೊಂದು ಹಾಳೆಯನ್ನು ಮೆಲ್ಲಗೆ ತೆಗೆದುಕೊಂಡಳು.

"ಹಂಗಾದ್ರ ಇವನೂ ಬ್ಯಾಡ. ಇಷ್ಟೊತ್ತನಕ ಇವ ನನ್ನ ಜೋಡಿ ಬರತಿದ್ದ. ಈಗ ನೀ ನನ್ನ ಇವನ ಜೋಡಿ ಕಳಸಾಕತ್ತಿ."

ನಾನು ಬಾಯಿ ಹಾಕಿದೆ. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವುದು ಸುಲಭವಲ್ಲ, ಸೇತುವೆ ಹತ್ತಿ ಆಚೆಯ ಪ್ಲಾಟ್‌ಫಾರ್ಮಿಗೆ ಹೋಗಬೇಕು, ಅದರಲ್ಲೂ ಇವತ್ತು ತಡವಾಗಿದೆ ಎಂದೆಲ್ಲ. ನನ್ನ ದನಿಯಲ್ಲಿ ಸಾಹುಕಾರರ ದನಿ ಎಷ್ಟು ಬೆರೆತಿತ್ತೆಂದು ಆಗ ತಿಳಿಯಲಿಲ್ಲ. ಅವಳಿಗೆ ತಿಳಿದಿರಬೇಕು.

"ಎಲ್ಲಾ ಬರದೀಯಲ್ಲ ತಮ್ಮಾ. ಓದಾಕ ಬರತದ ನನಗ."

ಬಸ್ಸು ನಿಂತಿತು. ಹಾಸಿಗೆ ಸುರುಳಿಯನ್ನು ತಾನೇ ಎತ್ತಿಕೊಂಡಳು. ಬುತ್ತಿಯ ಗಂಟನ್ನು ಆ ಮುದುಕ ಎತ್ತಿ ಕೊಟ್ಟ. ಕಂಡಕ್ಟರ್ ಅಭ್ಯಾಸದಂತೆ, ದೂರ ಏನ್ರಿ ಟೀಚರ್, ಅಂದ. ಅವಳು, ದೂರ ಅದ, ಅಂದಳು. ನಮ್ಮ ಕಡೆ ಆ ಪ್ರಶ್ನೆಗೆ ಯಾರಾದರೂ ಹಾಗೆ ಉತ್ತರ ಕೊಟ್ಟದ್ದನ್ನು ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಅಪ್ಪ ಬಸ್ಸಿನ ಸುತ್ತ ಒಂದು ಸಲ ಬಂದು, ಸೂರ್ಯ ಎಲ್ಲಿದ್ದಾನೆಂದು ನೋಡಿ, ಬಿಸಿಲು ಬರದ ಬದಿಗೆ ಕೂಡಸಪ್ಪ ಆಕೀನ, ಎಂದು ಕಂಡಕ್ಟರನಿಗೆ ಹೇಳಿದ. ಅಷ್ಟೇ. ಬಸ್ಸು ಹೋಯಿತು. ಕೆಸರಿನ ಅಪ್ಪ, ಕೆನ್ನೆ ಉರಿಯುವ ನಾನು, ಎರಡು ಚಹಾದ ಬಸಿ.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಮುಂದೆ ನಾನು ಕಾಲೇಜಿನಲ್ಲಿ ಪಾಠ ಹೇಳುವವನಾದ ಮೇಲೆ ಈ ಪ್ರಯಾಣದ ಕತೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗೆಲ್ಲ ನಾವು ಹೋದೆವು ಎಂದೇ ಹೇಳಿದ್ದೇನೆ. ಅತ್ತೆ ಆಮೇಲೆ ಹೇಳಿದ ಅಳಿವೆಯ ಮರಳು, ದೋಣಿಯವನ ಹರಕು ಟೋಪಿ, ಗಾಳಿಗೆ ನಿಲ್ಲದ ಸೆರಗು, ಎಲ್ಲ ನನ್ನ ಕಣ್ಣಾರೆ ಕಂಡಂತೆ ವರ್ಣಿಸಿದ್ದೇನೆ. ಈಗ ಕಣ್ಣು ಮುಚ್ಚಿದರೆ ಆ ಟೋಪಿ ನನಗೆ ಅಪ್ಪನ ಮುಖಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ನೋಡದ್ದು ಇಷ್ಟು ಗಟ್ಟಿಯಾಗಿ ಕೂತಿರುವಾಗ ನೋಡಿದ್ದರ ಗತಿ ಏನಾಗಿರಬಹುದು? ಅದಕ್ಕೇ ಈ ಸಲ ಬರೆದಿಡುತ್ತಿದ್ದೇನೆ. ನಾನು ಹೋಗಲಿಲ್ಲ. ಅವಳು ಹೋದಳು, ಒಬ್ಬಳೇ, ಯಾರ ಗುಂಪಿಲ್ಲದೆ, ಯಾರ ಅಪ್ಪಣೆಯಿಲ್ಲದೆ.

ನಾನು ಹೋದದ್ದು ರಾಯಚೂರಿನ ನನ್ನ ಕೋಣೆಗೆ. ಎರಡು ದಿನದ ಮೇಲೆ ಅಪ್ಪ ಒಂದು ಚೀಲ ಹಿಡಿದು ಅಲ್ಲಿಗೇ ಬಂದ. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಸ್ಟೇಷನ್ನಿಗೆ ನಡೆಯುವುದು. ಗುಂತಕಲ್ ಕಡೆಯಿಂದ ಬರುವ ಗಾಡಿಯ ಎಲ್ಲ ಡಬ್ಬಿ ನೋಡುವುದು. ಗಾಡಿ ಹೋದ ಮೇಲೆ ಬೆಂಚಿನ ಮೇಲೆ ಕೂತು ಮುಂದಿನ ಗಾಡಿ ಯಾವಾಗ ಎಂದು ನನ್ನನ್ನು ಕೇಳುವುದು. ಹಾಳೆಗಳು ಅವಳ ಬಳಿ ಇದ್ದವು, ನನಗೆ ನೆನಪಿನಿಂದಲೇ ಹೇಳಬೇಕಾಗುತ್ತಿತ್ತು, ಅರ್ಧ ತಪ್ಪುತ್ತಿತ್ತು. ನಾವಿಬ್ಬರೂ ಅಷ್ಟು ದಿನ ಒಂದೇ ಸೂರಿನಡಿ ಒಟ್ಟಿಗಿದ್ದದ್ದು ನಾನು ಓದಲು ಹೋದ ಮೇಲೆ ಅದೇ ಮೊದಲು. ಒಂದು ದಿನ ಸುಡುವ ಬೆಂಚಿನ ಮೇಲೆ ಅವನು ಕೇಳಿದ: ಅಲ್ಲಿ ಹೊಳಿ ಎಷ್ಟು ಅಗಲ ಇರತದ? ಅಟ್ಲಾಸಿನಲ್ಲಿ ಎರಡು ಗೆರೆಯಷ್ಟು ಅಂದೆ. ಅವನಿಗೆ ಸಿಟ್ಟು ಬಂತು. ಇಷ್ಟು ಓದಿ ಇಷ್ಟ ಗೊತ್ತೇನು ನಿನಗ ಅಂದ.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಬರಿಗೈಯಲ್ಲಿ ಸ್ಟೇಷನ್ನಿನಿಂದ ತಿರುಗಿ ಬಂದರೆ ಕೋಣೆಯ ಬಾಗಿಲು ತೆರೆದಿತ್ತು. ಹಿಂದಿನ ನಳದ ಹತ್ತಿರ ಬಟ್ಟೆ ಒಗೆಯುವ ಸಪ್ಪಳ. ಅತ್ತೆ ಕಚ್ಚೆ ಬಿಗಿದು ಕೂತು ಸೀರೆ ಒಗೆಯುತ್ತಿದ್ದಳು. ಕಲ್ಲಿನ ಮೇಲೆ ಸಣ್ಣ ಬಿಳಿ ಮರಳು ಇಳಿದಿತ್ತು. ಮುಖ ಹಂಚಿನಂತೆ ಕಪ್ಪಾಗಿ, ಮೂಗಿನ ತುದಿ ಸುಲಿದಿತ್ತು. ಅವಳು ರೈಲಿನಲ್ಲಿ ಬಂದೇ ಇರಲಿಲ್ಲ. ಬೇಜವಾಡದ ಬಳೆಯ ಬಾಯಿ, ಮೌಲಾಸಾಬರ ಅಕ್ಕ, ಕರ್ನೂಲಿನ ತನಕ ಬಸ್ಸಿಗೆ ಹೊರಟಿದ್ದಳಂತೆ. ಮಾತಾಡಿಕೊಂಡು ಇಬ್ಬರೂ ಬಂದಿದ್ದಾರೆ, ಅಲ್ಲಿಂದ ರಾಯಚೂರಿಗೆ ಇನ್ನೊಂದು ಬಸ್ಸು. ನಿನ್ನ ಹಾಳಿ ಹೋಗೂಮುಂದ ಛಲೋ ಉಪಯೋಗ ಆದವು ತಮ್ಮಾ, ಅಂದಳು ನನಗೆ. ಬರೂಮುಂದ ಬೇಕಾಗಲಿಲ್ಲ.

ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಊಟ ಆತೇನು ಎಂದು ಕೇಳಬಹುದಿತ್ತು, ಹೆಂಗದೀ ಎಂದು ಕೇಳಬಹುದಿತ್ತು.

"ಮುಟ್ಟಿದೇನು?" ಅಂದ.

"ಮುಟ್ಟಿದೆ." ಅವಳು ಸೀರೆಯನ್ನು ಬಕೀಟಿನಲ್ಲಿ ಅದ್ದಿ ಎತ್ತಿದಳು. ಹೇಳಲೋ ಬೇಡವೋ ಎಂದು ನೋಡುತ್ತಿದ್ದಂತಿತ್ತು. ಆಮೇಲೆ ಹೇಳಿದಳು. ಪಾಠದಲ್ಲಿ ಬರೆದ ಹಾಗೆ ಹೊಳೆ ಸಮುದ್ರಕ್ಕೆ ಹೋಗುವುದು ಕಾಣಲಿಲ್ಲವಂತೆ. ಬೇಸಿಗೆಗೆ ಹೊಳೆಯಲ್ಲಿ ಹೋಗುವಷ್ಟು ನೀರೇ ಇಲ್ಲ. ಸಮುದ್ರವೇ ಹೊಳೆಯೊಳಗೆ ಏರಿ ಬರುತ್ತಿತ್ತಂತೆ. ನಡುಮಟ್ಟ ಇಳಿದು, ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಉಗುಳಿದಳಂತೆ. ಅಷ್ಟು ಉಪ್ಪು.

ಅಪ್ಪ ಕೇಳಿದ್ದು ಅದನ್ನಲ್ಲವೆಂದು ಅವಳಿಗೂ ಗೊತ್ತಿತ್ತು.

"ಅವತ್ತು ಬಿದ್ದಿದ್ರ ಅಲ್ಲೀತನಕ ಮುಟ್ಟತಿರಲಿಲ್ಲೋ ಯಣ್ಣಾ," ಅಂದಳು. "ಬೇಜವಾಡದಾಗ ಹೊಳಿಗೆ ಅಡ್ಡ ಒಂದು ಕಟ್ಟಿ ಕಟ್ಟ್ಯಾರ. ಅದಕ್ಕೂ ಮ್ಯಾಲ ಇನ್ನೂ ದೊಡ್ಡದು ಅದ ಅಂತ. ಯಾವುದರ ಬಾಗಲಿಗೋ ಸಿಕ್ಕೊಂಡು ಬಿಡತಿದ್ನಿ." ಸೀರೆಯ ಒಂದು ತುದಿಯನ್ನು ಹಿಂಡತೊಡಗಿದಳು. "ಅಲ್ಲಿಗೆ ಮುಟ್ಟಬೇಕಂದ್ರ ಬಸ್ಸಿಗೇ ಹೋಗಬೇಕು."

ಅಪ್ಪ ನಕ್ಕನೋ ಅತ್ತನೋ ನಾನು ಹೇಳಲಾರೆ. ನಾನು ಅವನ ಹಿಂದೆ ನಿಂತಿದ್ದೆ. ಭುಜ ಅಲುಗಿದ್ದನ್ನು ನೋಡಿದ್ದೇನೆ, ಅದಕ್ಕೆ ಮಾತ್ರ ನಾನು ಸಾಕ್ಷಿ. ಆಮೇಲೆ ಅವನು ಧೋತರ ಮೇಲೆ ಕಟ್ಟಿ ನಳದ ಹತ್ತಿರ ಹೋದ. ಜೀವಮಾನದಲ್ಲಿ ಒಂದು ಬಟ್ಟೆ ಒಗೆದವನಲ್ಲ. ಬಗ್ಗಿ, ಒದ್ದೆ ಸೀರೆಯ ಇನ್ನೊಂದು ತುದಿ ಹಿಡಿದು, ಅವಳು ಯಾವ ಕಡೆ ತಿರುಗಿಸುತ್ತಾಳೆಂದು ನೋಡಿಕೊಂಡು, ಎದುರು ಕಡೆಗೆ ತಿರುಗಿಸತೊಡಗಿದ.